ಅಕ್ಕ ಮಡಿಚಿದ ಮೂಲೆ

ಅವನಿಗೆ ಗೆರೆಯಪ್ಪ ಎಂದು ಹೆಸರಿಟ್ಟವರು ಆಫೀಸಿನವರು. ಹೆಸರೇನೂ ಸುಳ್ಳಲ್ಲ. ಪೇಟೆಂಟ್ ವಕೀಲರ ಆ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಅವನು ಮಾಡಿಕೊಂಡು ಬಂದದ್ದು ಗೆರೆ ಎಳೆಯುವ ಕೆಲಸವೊಂದನ್ನೇ. ಯಾರಾದರೂ ಹೊಸ ಪಂಪು ಕಂಡುಹಿಡಿಯಲಿ, ಹೊಸ ಬೀಗ ಕಂಡುಹಿಡಿಯಲಿ, ಅದರ ಚಿತ್ರ ಬರೆದು, ಒಂದೊಂದು ಭಾಗದಿಂದಲೂ ಒಂದು ಸಣ್ಣ ಗೆರೆ ಹೊರಗೆಳೆದು, ಗೆರೆಯ ತುದಿಗೆ ಒಂದು ಅಂಕಿ ಹಾಕಬೇಕು. ಆಮೇಲೆ ವಕೀಲರು ಆ ಅಂಕಿಗಳನ್ನು ಹಿಡಿದುಕೊಂಡು, ಇದು ನಮ್ಮ ಕಕ್ಷಿದಾರರದ್ದು, ಇಪ್ಪತ್ತು ವರ್ಷ ಬೇರೆ ಯಾರೂ ಇದನ್ನು ಮಾಡಕೂಡದು, ಮಾರಕೂಡದು ಎಂದು ಪುಟಗಟ್ಟಲೆ ಬರೆಯುತ್ತಾರೆ. ಆ ಪುಟಗಳ ತಲೆಬುಡ ಗೆರೆಯಪ್ಪನಿಗೆ ಬೇಕಿರಲಿಲ್ಲ. ಗೆರೆ ನೆಟ್ಟಗಿದ್ದರೆ ಸಾಕಿತ್ತು.

ಅವನಿಗೆ ಎರಡು ಹಟಗಳಿದ್ದವು. ಫೋಟೊ ನೋಡಿಕೊಂಡು ಚಿತ್ರ ಬರೆಯುವುದಿಲ್ಲ, ವಸ್ತು ಎದುರಿಗೇ ಇರಬೇಕು. ಕಣ್ಣಿಗೆ ಕಂಡ ಯಾವ ಭಾಗವೂ ಅಂಕಿ ಇಲ್ಲದೆ ಉಳಿಯಕೂಡದು. ಇಂಥವರು ಆಫೀಸಿಗೆ ಬಹಳ ಒಳ್ಳೆಯವರು. ಮನೆಗೆ ಎಂಥವರು ಎನ್ನುವುದಕ್ಕೇ ಈ ಕತೆ.

ಮನೆಯಲ್ಲಿದ್ದದ್ದು ಅಕ್ಕ ಒಬ್ಬಳೇ. ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳು, ಹೊಲಿಗೆಯವಳು. ಅಪ್ಪ ಅಮ್ಮ ಹೋದಾಗ ಅವನಿಗೆ ಆರು ವರ್ಷ. ಅವನ ಚಡ್ಡಿಯಿಂದ ಹಿಡಿದು ಡ್ರಾಯಿಂಗ್ ಪೆಟ್ಟಿಗೆಯವರೆಗೆ ಎಲ್ಲವೂ ಅವಳ ಹೊಲಿಗೆ ಮಿಷನ್ನಿನಿಂದಲೇ ಬಂದವು. ಇಬ್ಬರೂ ಮದುವೆಯ ಗೋಜಿಗೆ ಹೋಗಲಿಲ್ಲ. ಅವಳಿಗೆ ಪುರುಸೊತ್ತಿರಲಿಲ್ಲ, ಅವನನ್ನು ಯಾರೂ ಕೇಳಲಿಲ್ಲ.

ಮೂರು ವರ್ಷದ ಹಿಂದೆ ಅವಳ ಬೆನ್ನುಮೂಳೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಕೊಯ್ದು ತೆಗೆಯುವ ಜಾಗವಲ್ಲ, ಇನ್ನು ಮಾಡುವುದೇನಿದ್ದರೂ ನೋವಿಗೆ ಮಾತ್ರ ಎಂದರು ಡಾಕ್ಟರು. ಮಾತ್ರೆ ನುಂಗಿದರೆ ಅವಳ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಕೊನೆಗೆ ಒಗ್ಗಿದ್ದು ಮೈಗೆ ಅಂಟಿಸಿಕೊಳ್ಳುವ ಮದ್ದಿನ ಪಟ್ಟಿ. ಅಂಗೈಯಷ್ಟೂ ಅಗಲವಿಲ್ಲ, ಒಂದನ್ನು ಅಂಟಿಸಿಕೊಂಡರೆ ಮೂರು ದಿನ ನೋವು ದೂರ ನಿಲ್ಲುತ್ತದೆ. ಅದನ್ನು ಮಾಡುತ್ತಿದ್ದದ್ದು ಒಂದೇ ಕಂಪನಿ, ಹಾಗಾಗಿ ಅವರ ಬಾಯಿಗೆ ಬಂದದ್ದೇ ಬೆಲೆ. ಒಂದು ಪಟ್ಟಿಯ ದುಡ್ಡಿಗೆ ಎರಡು ಜೊತೆ ಒಳ್ಳೆಯ ಚಪ್ಪಲಿ ಬರುತ್ತಿತ್ತು.

ಅಷ್ಟು ದುಡ್ಡು ಸುರಿದರೂ ಪಟ್ಟಿಯಲ್ಲಿ ಒಂದು ಊನವಿತ್ತು. ಅಂಟನ್ನು ಮುಚ್ಚಿದ್ದ ಹಿಂಬದಿಯ ಹಾಳೆಯನ್ನು ಪಟ್ಟಿಯ ಅಂಚಿಗೆ ಸಮನಾಗಿ ಕತ್ತರಿಸಿದ್ದರಿಂದ, ಸುಲಿಯಲು ಹೋದರೆ ಅದು ಬೆರಳಿಗೇ ಸಿಗುತ್ತಿರಲಿಲ್ಲ. ನೋವಿನಲ್ಲಿ ಕೈ ನಡುಗುವವರಿಗಂತೂ ಅದೊಂದು ಶಿಕ್ಷೆ. ಅಕ್ಕ ಎರಡನೆಯ ವಾರಕ್ಕೇ ಉಪಾಯ ಹುಡುಕಿದಳು. ಸೂಜಿಯ ತುದಿಯಿಂದ ಹಾಳೆಯ ಒಂದು ಮೂಲೆಯನ್ನು ಎಬ್ಬಿಸಿ, ಹೊರಕ್ಕೆ ಮಡಿಚಿ, ಬಟ್ಟೆಯ ಅಂಚು ಮಡಿಚುವ ಹಾಗೆ ಉಗುರಿನಿಂದ ತೀಡಿಬಿಡುವುದು. ಅಲ್ಲಿ ಹಿಡಿದು ಎಳೆದರೆ ಹಾಳೆ ಸಲೀಸಾಗಿ ಬರುತ್ತಿತ್ತು. ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದ ನಾಲ್ಕೈದು ಜನಕ್ಕೂ ಅದನ್ನು ಕಲಿಸಿಕೊಟ್ಟಳು. ಸುಲಿದಾದ ಮೇಲೆ ಆ ಮಡಿಕೆಯನ್ನು ಕತ್ತರಿಸಿ ತನ್ನ ಅಳತೆ ಪುಸ್ತಕದಲ್ಲಿ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆಯುತ್ತಿದ್ದಳು. ಆ ಪುಸ್ತಕದಲ್ಲಿ ಗಿರಾಕಿಗೊಂದು ಪುಟ, ಎದೆ ಇಷ್ಟು, ಸೊಂಟ ಇಷ್ಟು, ಪಕ್ಕದಲ್ಲಿ ಬಟ್ಟೆಯ ಒಂದು ಚೂರು. ಕೊನೆಯ ಪುಟಗಳು ಅವಳವು. ಚೂರು ಅಂಟಿಸಿ ತಾರೀಖು ಹಾಕದಿದ್ದರೆ ಅವಳಿಗೆ ಯಾವ ಕೆಲಸವೂ ಮುಗಿದ ಹಾಗೆ ಅನಿಸುತ್ತಿರಲಿಲ್ಲ.

ಇದಾದ ಆರು ತಿಂಗಳಿಗೆ ಅದೇ ಪಟ್ಟಿ ಗೆರೆಯಪ್ಪನ ಮೇಜಿಗೆ ಬಂತು. ಕಂಪನಿಯವರು ಅವನ ಆಫೀಸಿನ ದೊಡ್ಡ ಕಕ್ಷಿದಾರರು. ಪಟ್ಟಿಯ ಮೂಲ ಪೇಟೆಂಟಿಗೆ ಇನ್ನು ಎರಡೇ ವರ್ಷ ಉಳಿದಿತ್ತು. ಅಷ್ಟರೊಳಗೆ ಅಂಟಿನಲ್ಲೋ ಹಾಳೆಯಲ್ಲೋ ಏನಾದರೂ ಚೂರುಪಾರು ಬದಲಾಯಿಸಿ ಹೊಸದೊಂದು ಅರ್ಜಿ ಹಾಕುವ ಆತುರ ಅವರಿಗೆ. ಚಿತ್ರಕ್ಕೆಂದು ಫೋಟೊ ಕಳಿಸಿದ್ದರು. ಗೆರೆಯಪ್ಪ ಮೂಗು ಮುರಿದು ಅದನ್ನು ಪಕ್ಕಕ್ಕಿಟ್ಟ. ವಸ್ತು ಮನೆಯಲ್ಲೇ ಇತ್ತಲ್ಲ!

ಪಟ್ಟಿ ಬದಲಾಯಿಸುವ ದಿನ ಅಕ್ಕನ ಎದುರು ಪೆನ್ಸಿಲ್ ಹಿಡಿದು ಕೂತ. ಅವಳು ಲಕೋಟೆ ಒಡೆದು, ಮೂಲೆ ಮಡಿಚಿ, ಬೆಳಕಿಗೆ ಹಿಡಿದಳು.

"ಐದು ನಿಮಿಷ ಹಾಗೇ ಹಿಡ್ಕೋ ಅಕ್ಕ."

"ನನ್ನ ಮುಖ ಒಂದು ದಿನಾನಾದ್ರೂ ಬರೆದಿದೀಯೇನೋ? ಈ ಪಟ್ಟಿ ಮುಖ ಬರೀತಾ ಕೂತಿದೀಯ," ಎಂದಳು ಅಕ್ಕ. ಹಳೆಯ ಪಟ್ಟಿಯ ಮದ್ದು ಮುಗಿದಿತ್ತು, ಕೈ ನಡುಗುತ್ತಿತ್ತು. ಆದರೂ ಐದು ನಿಮಿಷ ಹಿಡಿದಳು.

ಅವನು ಕಂಡದ್ದನ್ನು ಕಂಡ ಹಾಗೇ ಬರೆದ. ಮಡಿಚಿದ ಮೂಲೆಯೂ ಕಂಡಿತು, ಅದರಿಂದಲೂ ಒಂದು ಗೆರೆ ಎಳೆದು ಹದಿನಾಲ್ಕು ಎಂದು ಅಂಕಿ ಹಾಕಿದ. ತಪ್ಪು ಆದದ್ದು ಅಲ್ಲಿ.

"ಈ ಹದಿನಾಲ್ಕು ಏನ್ರೀ ಇದು? ಫೋಟೋದಲ್ಲಿ ಇಲ್ವಲ್ಲ," ಎಂದು ದೊಡ್ಡ ವಕೀಲರು ಕೇಳಿದಾಗಲಾದರೂ, ಕೈತಪ್ಪಿನಿಂದ ಆಯಿತು ಸರ್ ಎಂದು ಅಳಿಸಿಬಿಡಬಹುದಿತ್ತು. ಆದರೆ ಕೈತಪ್ಪು ಎಂಬ ಮಾತು ಗೆರೆಯಪ್ಪನ ಬಾಯಲ್ಲಿ ಬರುವುದುಂಟೇ? ಹಾಳೆ ಸುಲಿಯುವುದು ಎಷ್ಟು ಕಷ್ಟ, ಮೂಲೆ ಮಡಿಚಿದರೆ ಎಷ್ಟು ಸುಲಭ ಎಂದು ನಿಂತ ಕಾಲಲ್ಲೇ ವಿವರಿಸಿದ. ಯಾರು ಮಡಿಚಿದ್ದು ಎಂದು ವಕೀಲರು ಕೇಳಲಿಲ್ಲ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವನಿಗೆ ಟೀ ತರಿಸಿದರು. ಅವನು ಆ ಟೀಯನ್ನು ಹೆಮ್ಮೆಯಿಂದ ಕುಡಿದ. ಅಕ್ಕನ ಕೆಲಸಕ್ಕೆ ಮರ್ಯಾದೆ ಸಿಕ್ಕಿತು ಎಂದುಕೊಂಡ, ಪೆದ್ದ.

ಒಂದು ವರ್ಷದೊಳಗೆ ಅಂಗಡಿಗೆ ಬಂದ ಡಬ್ಬಿಗಳಲ್ಲೆಲ್ಲ ಪಟ್ಟಿಯ ಮೂಲೆ ಮಡಿಚಿಯೇ ಇತ್ತು. "ನೋಡೋ, ಕಂಪನಿಯವರಿಗೂ ಬುದ್ಧಿ ಬಂತು," ಎಂದು ಅಕ್ಕ ನಕ್ಕಳು. ಆಫೀಸಿನ ವಿಷಯ ಹೊರಗೆ ಆಡುವುದಿಲ್ಲ ಎಂದು ಸಹಿ ಹಾಕಿದವನು ಅವನು, ಬಾಯಿ ಬಿಡಲಿಲ್ಲ.

ಮೂಲ ಪೇಟೆಂಟು ಮುಗಿಯುವ ತಾರೀಖನ್ನು ಅಕ್ಕ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟಿದ್ದಳು. ಅದರ ಮರುದಿನವೇ ಇನ್ನೊಂದು ಕಂಪನಿಯ ಜೆನೆರಿಕ್ ಪಟ್ಟಿ ಬರುತ್ತದೆ, ಅದೇ ಮದ್ದು, ಬೆಲೆ ಎಂಟರಲ್ಲೊಂದು ಪಾಲು ಎಂದು ಔಷಧಿ ಅಂಗಡಿಯವನು ಹೇಳಿದ್ದ. ಆ ಭರವಸೆಯಲ್ಲೇ ಕೂಡಿಟ್ಟದ್ದನ್ನೆಲ್ಲ ಹಳೆಯ ಪಟ್ಟಿಗೆ ಸುರಿದಿದ್ದರು. ಮರುದಿನ ಬೆಳಗ್ಗೆ ಗೆರೆಯಪ್ಪ ಅಂಗಡಿ ಬಾಗಿಲು ತೆಗೆಯುವ ಮುಂಚೆಯೇ ಹೋಗಿ ನಿಂತ.

"ಬಂದಿಲ್ಲ. ಕೋರ್ಟಲ್ಲಿ ತಡೆ ತಂದಿದಾರಂತೆ," ಎಂದ ಅಂಗಡಿಯವನು. "ಆ ಮಡಿಚಿದ ಮೂಲೆ ಇದೆಯಲ್ಲ, ಅದರ ಮೇಲೆ ಬೇರೇನೇ ಪೇಟೆಂಟ್ ಇದೆಯಂತೆ."

"ಮೂಲೆ ಮಡಿಚದೇ ಮಾರಲಿ!"

"ಹಾಗೆ ಮಾರೋ ಹಾಗಿಲ್ಲವಂತೆ. ಮೂಲೆ ಇಲ್ಲದೇ ಇದ್ರೆ ರೋಗಿಗಳಿಗೆ ಕಷ್ಟ ಅಂತ ಕಂಪನಿಯೋರೇ ಹಳೇದನ್ನ ವಾಪಸ್ ತಗೊಂಡ್ರಲ್ಲ. ಈಗ ಯಾರೇ ಮಾಡಿದ್ರೂ ಮೂಲೆ ಇರಲೇಬೇಕು ಅಂತ ಸರಕಾರದೋರು. ಮೂಲೆ ಇಟ್ರೆ ಕೋರ್ಟು. ಯಾರು ಕಂಡುಹಿಡಿದನೋ ಪುಣ್ಯಾತ್ಮ."

ಗೆರೆಯಪ್ಪನಿಗೆ ಆ ಅಂಕಿ ನೆನಪಾಯಿತು. ಹದಿನಾಲ್ಕು! ಮನೆಗೆ ಬಂದು, ಇನ್ನೂ ಸ್ವಲ್ಪ ದಿನ ತಡ ಅಂತೆ ಅಕ್ಕ ಎಂದಷ್ಟೇ ಹೇಳಿದ.

ಆ ಸ್ವಲ್ಪ ದಿನ ನಾಲ್ಕು ತಿಂಗಳಾಯಿತು. ಮೂರು ದಿನದ ಪಟ್ಟಿಯನ್ನು ಅಕ್ಕ ಐದು ದಿನಕ್ಕೆ ಎಳೆಯತೊಡಗಿದಳು. ಮೊದಲ ಎರಡು ದಿನ ಅವಳು ಅವಳೇ. ಮೂರನೆಯ ದಿನ ದನಿ ಸಣ್ಣಗಾಗುತ್ತಿತ್ತು. ನಾಲ್ಕು ಮತ್ತು ಐದನೆಯ ದಿನ ಟವೆಲಿನ ಅಂಚನ್ನು ಹಲ್ಲಲ್ಲಿ ಕಚ್ಚಿಕೊಂಡು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಹೊಲಿಗೆ ಮಿಷನ್ನಿನ ಮೇಲೆ ಬಟ್ಟೆ ಮುಚ್ಚಿಯೇ ಇತ್ತು. ಪಕ್ಕದ ಕೋಣೆಯಲ್ಲಿ ಕೂತ ಗೆರೆಯಪ್ಪನಿಗೆ ಅವಳು ಕೂಗಿಕೊಂಡರೆ ವಾಸಿ ಅನಿಸುತ್ತಿತ್ತು. ಅವಳು ಕೂಗುತ್ತಿರಲಿಲ್ಲ.

ಒಂದು ಬೆಳಗ್ಗೆ ಅವನಿಗೆ ತಡೆಯಲಾಗಲಿಲ್ಲ. ಅವಳ ಮಂಚದ ಅಂಚಿನಲ್ಲಿ ಕೂತು ಎಲ್ಲವನ್ನೂ ಹೇಳಿಬಿಟ್ಟ. ಚಿತ್ರ, ಹದಿನಾಲ್ಕು, ಟೀ, ಎಲ್ಲ. ಅಂದು ಪಟ್ಟಿಗೆ ನಾಲ್ಕನೆಯ ದಿನ. ಅಕ್ಕ ಕಣ್ಣು ಮುಚ್ಚಿ ಕೇಳಿದಳು.

"ಅಂದ್ರೆ ನನ್ನ ಮಡಿಕೇನೇ ನನಗೆ ಅಡ್ಡ ನಿಂತಿದೆ ಅನ್ನು."

"ನಾನು ನಿಲ್ಲಿಸಿದ್ದು ಅಕ್ಕ. ಬೈಯಿ. ಹೊಡಿ ಬೇಕಾದ್ರೆ."

"ಹೊಡೆಯೋಕೆ ಕೈ ಎತ್ತಬೇಕಲ್ಲೋ," ಎಂದಳು. ಆಮೇಲೆ ಕಣ್ಣು ಬಿಟ್ಟಳು. "ಆ ಚಿತ್ರ ಬರೆಯೋಕೆ ಮುಂಚೇನೇ ಮಡಿಚಿದ್ದೆ ಅಂತ ತೋರಿಸಿದ್ರೆ?"

ಗೆರೆಯಪ್ಪ ಅವಳ ಮುಖ ನೋಡಿದ. ಇಬ್ಬರೂ ಒಟ್ಟಿಗೇ ಮಿಷನ್ನಿನ ಕೆಳಗಿದ್ದ ಅಳತೆ ಪುಸ್ತಕದ ಕಡೆ ತಿರುಗಿದರು. ಅರ್ಜಿಗಿಂತ ಆರು ತಿಂಗಳು ಹಿಂದಿನಿಂದ, ಸಾಲಾಗಿ, ತಾರೀಖಿನ ಸಮೇತ, ಮಡಿಚಿದ ಮೂಲೆಗಳು. ಆಸ್ಪತ್ರೆಯ ಬೆಂಚಿನಲ್ಲಿ ಕಲಿತವರು ಬೇರೆ ಸಾಕ್ಷಿಗೆ ಇದ್ದರು. ಮೊದಲೇ ಹತ್ತು ಜನಕ್ಕೆ ಗೊತ್ತಿದ್ದದ್ದರ ಮೇಲೆ ಪೇಟೆಂಟು ನಿಲ್ಲುವುದಿಲ್ಲ ಎಂಬಷ್ಟು ಕಾನೂನು ಆ ಆಫೀಸಿನ ಗೋಡೆಗೂ ಗೊತ್ತು.

"ಇದನ್ನ ಜೆನೆರಿಕ್ ಕಂಪನಿಯೋರಿಗೆ ಕೊಟ್ರೆ ಕೇಸು ಬಿದ್ದುಹೋಗುತ್ತೆ ಅಕ್ಕ," ಎಂದ. "ಅಗ್ಗದ ಪಟ್ಟಿ ಬಂದೇಬರುತ್ತೆ."

"ಕೆಲಸ?"

"ಹೋಗುತ್ತೆ. ಹೋದ್ರೆ ಹೋಗ್ಲಿ. ಆ ಅಗ್ಗದ ಪಟ್ಟಿ ಆದ್ರೆ ಅಂಗಡಿ ಬೋರ್ಡು ಬರೆದಾದ್ರೂ ಕೊಂಡ್ಕೋಬಹುದು."

ಬೇರೆ ಯಾರಾದರೂ ಆಗಿದ್ದರೆ ಪುಸ್ತಕವನ್ನು ಗುಟ್ಟಾಗಿ ತಲುಪಿಸಿ, ಏನೂ ಗೊತ್ತಿಲ್ಲದವರ ಹಾಗೆ ಮೇಜಿಗೆ ಮರಳುತ್ತಿದ್ದರು. ಗೆರೆಯಪ್ಪನ ಗೆರೆ ಬಾಗುವಂಥದ್ದಲ್ಲ. ನೇರವಾಗಿ ದೊಡ್ಡ ವಕೀಲರ ಕೋಣೆಗೆ ಹೋಗಿ, ರಾಜೀನಾಮೆಯನ್ನೂ ಗುರುತಿನ ಚೀಟಿಯನ್ನೂ ಮೇಜಿನ ಮೇಲಿಟ್ಟು, ಪುಸ್ತಕ ಬಿಡಿಸಿ ತೋರಿಸಿ, "ಇದನ್ನ ಅವರಿಗೆ ಕೊಡೋಕೆ ಹೋಗ್ತಾ ಇದೀನಿ ಸರ್. ಇಲ್ಲಿಯ ಅನ್ನ ತಿಂದೋನು, ಹೇಳದೆ ಹೋಗಬಾರದು," ಎಂದ.

ವಕೀಲರು ಪುಟ ತಿರುವಿ ತಿರುವಿ ನೋಡಿದರು. ಸಿಟ್ಟು ಮಾಡಲಿಲ್ಲ. "ಅಕ್ಕನವರ ಕೆಲಸ ಅಚ್ಚುಕಟ್ಟು," ಎಂದರು. "ಹೋಗಿ ಬನ್ನಿ. ನಾನು ತಡೆಯಲ್ಲ." ರಾಜೀನಾಮೆಯನ್ನು ಡ್ರಾಯರಿಗೆ ಹಾಕಿಕೊಂಡರು. ಎಂಥ ದೊಡ್ಡ ಮನಸ್ಸು ಎಂದುಕೊಂಡು ಗೆರೆಯಪ್ಪ ಮೆಟ್ಟಿಲಿಳಿದ.

ಜೆನೆರಿಕ್ ಕಂಪನಿಯ ಆಫೀಸು ಊರಿನ ಇನ್ನೊಂದು ತುದಿಯಲ್ಲಿತ್ತು. ಎರಡು ಬಸ್ಸು ಬದಲಾಯಿಸಿ, ಪುಸ್ತಕವನ್ನು ಎದೆಗೆ ಅವಚಿಕೊಂಡು ಹೋದ. ಮೂರು ಗಂಟೆ ಕೂರಿಸಿದರು. ಕೊನೆಗೆ ಬಂದ ಕಾನೂನು ವಿಭಾಗದ ಅಧಿಕಾರಿಗೆ, ಗೆರೆಯಪ್ಪನಿಗೆ ಮಗನಿದ್ದಿದ್ದರೆ ಆಗುತ್ತಿದ್ದ ವಯಸ್ಸು, ಮಾತು ಮೃದು. ಅವನೂ ಪುಟಗಳನ್ನು ಒಂದೊಂದಾಗಿ ತಿರುವಿದ.

"ಬಹಳ ಚೆನ್ನಾಗಿ ಇಟ್ಟಿದೀರಿ," ಎಂದ. "ಇದು ಹೋದ ತಿಂಗಳು ಸಿಕ್ಕಿದ್ರೆ ನಾವು ಗೆದ್ದೇಬಿಡ್ತಿದ್ವಿ."

"ಈಗ ಏನಾಯ್ತು?"

"ಕೇಸೇ ಇಲ್ಲವಲ್ಲ ಸರ್ ಈಗ. ಹೋದ ವಾರ ರಾಜಿ ಆಯ್ತು. ಅವರು ನಮಗೆ ಒಂದು ಮೊತ್ತ ಕೊಟ್ಟಿದಾರೆ, ಏಳು ವರ್ಷ ನಾವು ಆ ಪಟ್ಟಿ ಮಾರಲ್ಲ ಅಂತ ಬರೆದುಕೊಟ್ಟಿದೀವಿ." ಅವನು ಪುಸ್ತಕವನ್ನು ಮುಚ್ಚಿ ಎರಡೂ ಕೈಯಲ್ಲಿ ಹಿಂದಕ್ಕೆ ಕೊಟ್ಟ. "ನಿಜ ಹೇಳಬೇಕಂದ್ರೆ, ಮಾರೋದಕ್ಕಿಂತ ಮಾರದೆ ಇರೋದೇ ನಮಗೆ ಲಾಭ ಆಯ್ತು. ನಿಮ್ಮ ಆಫೀಸಿನೋರೇ ಪತ್ರ ತಯಾರು ಮಾಡಿದ್ದು. ನಿಮಗೆ ಹೇಳಲಿಲ್ವಾ?"

ದೊಡ್ಡ ವಕೀಲರ ಡ್ರಾಯರು ಮುಚ್ಚಿದ ಸದ್ದು ಗೆರೆಯಪ್ಪನಿಗೆ ಆಗ ಕೇಳಿಸಿತು.

"ಬೇರೆ ಯಾವ ಕಂಪನಿನಾದ್ರೂ..." ಎಂದ. ಸದ್ಯಕ್ಕೆ ಯಾರೂ ಇಲ್ಲ ಸರ್ ಎಂದು ಅಧಿಕಾರಿ ಎದ್ದು ನಿಂತ.

ಗೆರೆಯಪ್ಪ ತನ್ನ ಆಫೀಸಿಗೆ ಮರಳಿ ಹೋದದ್ದೂ ಉಂಟು. ಮಾನ ಬಿಟ್ಟು, ಕಾಲಿಗೆ ಬೀಳುವುದಾದರೂ ಸರಿ ಎಂದುಕೊಂಡು. ಬಾಗಿಲಲ್ಲಿದ್ದವನು, ಇಪ್ಪತ್ತೆರಡು ವರ್ಷ ಸಲಾಮು ಹೊಡೆದವನು, ಚೀಟಿ ಇಲ್ಲದೆ ಒಳಗೆ ಬಿಡುವ ಹಾಗಿಲ್ಲ ಎಂದು ತಲೆ ತಗ್ಗಿಸಿದ. ಅವನ ಸ್ಕೇಲು, ಪೆನ್ನುಗಳನ್ನು ಒಂದು ರಟ್ಟಿನ ಡಬ್ಬಿಯಲ್ಲಿ ಹಾಕಿ ಅಲ್ಲೇ ಇಟ್ಟಿದ್ದರು.

ಡಬ್ಬಿಯನ್ನೂ ಪುಸ್ತಕವನ್ನೂ ಹೊತ್ತು ಮನೆಯ ಮೆಟ್ಟಿಲು ಹತ್ತುವಾಗ ಒಂದು ಸದ್ದು ಕೇಳಿ ನಿಂತ. ಹೊಲಿಗೆ ಮಿಷನ್ನು ಓಡುತ್ತಿತ್ತು.

ಅಕ್ಕ ತಲೆ ಬಾಚಿಕೊಂಡು ಮಿಷನ್ನಿನ ಮುಂದೆ ಕೂತಿದ್ದಳು. ನೀಲಿ ಬಟ್ಟೆ ಸೂಜಿಯ ಕೆಳಗೆ ಸರಿಯುತ್ತಿತ್ತು. ಅವಳ ಹಣೆಯ ಗೆರೆಗಳೇ ಮಾಯವಾಗಿದ್ದವು.

"ಬಂದ್ಯಾ? ತೋಳಿನ ಅಳತೆ ಕೊಡು ಬಾ," ಎಂದಳು. "ಕೋರ್ಟಲ್ಲಿ ಸಾಕ್ಷಿ ಹೇಳೋಕೆ ಈ ಹರಕಲು ಶರಟಲ್ಲಿ ಹೋಗ್ತೀಯಾ? ನನ್ನ ಮರ್ಯಾದೆ ಏನಾಗ್ಬೇಕು?"

"ಎದ್ದು ಹೇಗೆ ಕೂತೆ ಅಕ್ಕ?"

"ನೀನು ಆ ಕಡೆ ಹೋದೆ, ನಾನು ಈ ಕಡೆ ಹೊಸ ಪಟ್ಟಿ ಹಾಕ್ಕೊಂಡೆ. ಡಬ್ಬೀಲಿ ಅದೊಂದೇ ಉಳಿದಿತ್ತು. ಹೇಗೂ ಅಗ್ಗದ್ದು ಬರುತ್ತಲ್ಲ, ಇನ್ನು ಯಾಕೆ ಎಳೀಬೇಕು ಅಂದ್ಕೊಂಡೆ." ಮೇಜಿನ ಮೇಲಿದ್ದ ಚೂರನ್ನು ತೋರಿಸಿದಳು. "ಮೂಲೆ ಅಲ್ಲಿಟ್ಟಿದೀನಿ. ಪುಸ್ತಕ ನಿನ್ನ ಹತ್ರ ಇತ್ತಲ್ಲ. ಅಂಟಿಸಿ ತಾರೀಖು ಹಾಕು."

ಅವನು ಅಂಟಿಸಿದ, ತಾರೀಖು ಹಾಕಿದ. ಪುಟದಲ್ಲಿ ಇನ್ನೂ ಜಾಗವಿತ್ತು.

"ಪುಸ್ತಕ ನೋಡಿ ಏನಂದ್ರು?"

"ಬಹಳ ಚೆನ್ನಾಗಿ ಇಟ್ಟಿದೀರಿ ಅಂದ್ರು."

ಅಕ್ಕನ ಮುಖ ಅರಳಿತು. ಟೇಪು ಹಿಡಿದು ಎದ್ದು ನಿಂತಳು, ನಾಲ್ಕು ತಿಂಗಳಲ್ಲಿ ಮೊದಲ ಸಲ ಯಾರ ಆಸರೆಯೂ ಇಲ್ಲದೆ. ಅವನ ತೋಳನ್ನು ಚಾಚಿಸಿ, ಹೆಗಲಿನಿಂದ ಮಣಿಕಟ್ಟಿನವರೆಗೆ ಅಳೆದಳು. ಅವನು ಗೋಡೆಯ ಕಡೆ ಮುಖ ತಿರುಗಿಸಿಕೊಂಡು ನಿಂತ.

"ಶರಟು ಯಾವತ್ತಿಗೆ ಬೇಕಾಗುತ್ತೋ?"

ಗೆರೆಯಪ್ಪ ಗೋಡೆಯ ಕ್ಯಾಲೆಂಡರಿನಲ್ಲಿ ದಿನ ಎಣಿಸಿದ.

"ಮೂರು ದಿನದೊಳಗೆ ಮುಗಿಸಿಬಿಡು ಅಕ್ಕ."

"ಅಷ್ಟು ಬೇಗ ಕರೀತಾರಾ?" ಎಂದು ಅಕ್ಕ ಖುಷಿಯಿಂದ ಮತ್ತೆ ಮಿಷನ್ನಿಗೆ ಕೂತಳು.