ಹಳೆಯ ಮಾಲು ಮೊದಲು

ಮೂಡುಬಿದಿರೆಯ ಪೇಟೆಯಲ್ಲಿ ರಾಜಮತಿ ಮೆಡಿಕಲ್ ಅಂಗಡಿ ತೆರೆದದ್ದು ಮಗಳು ಗ್ರೀಷ್ಮಾ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಾಗ. ಅಂದಿನಿಂದ ಅವಳು ಕಂಡ ರೆಪ್‌ಗಳಿಗೆ, ಅಂದರೆ ಔಷಧ ಕಂಪೆನಿಗಳ ಮಾರಾಟ ಪ್ರತಿನಿಧಿಗಳಿಗೆ, ಲೆಕ್ಕವಿಲ್ಲ. ಬ್ಯಾಗು ಕೆಳಗಿಡುವ ರೀತಿಯಲ್ಲೇ ಯಾರು ಮಾತು ಉಳಿಸಿಕೊಳ್ಳುವವರು, ಯಾರು ಜಾರಿಕೊಳ್ಳುವವರು ಎಂದು ಅವಳಿಗೆ ಗೊತ್ತಾಗುತ್ತಿತ್ತು. ಹಾಗಾಗಿ, ಒಂದು ಸಂಜೆ ಊಟಕ್ಕೆ ಕುಳಿತಾಗ ಗ್ರೀಷ್ಮಾ ತನ್ನನ್ನು ರೆಪ್ ಕೆಲಸಕ್ಕೆ ಕರೆದ ಕಂಪೆನಿಯ ಹೆಸರು ಹೇಳಿದ ಕೂಡಲೇ ರಾಜಮತಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

ಹೊತ್ತು ಮುಳುಗುವ ಮೊದಲೇ ಉಂಡು ಮುಗಿಸುವ ಮನೆ ಅದು. ಅದಕ್ಕಾಗಿ ರಾಜಮತಿ ಸಂಜೆ ಅಂಗಡಿಯ ಬಾಗಿಲು ಹಾಕಿ ಬಂದು, ಉಂಡು ಮತ್ತೆ ಹೋಗುತ್ತಿದ್ದಳು. ಆ ದಿನ ಊಟ ತಡವಾಯಿತು.

ಕಂಪೆನಿ ಕುಸಿಯುತ್ತಿರುವುದು ಅಂಗಡಿಯವರಿಗೆಲ್ಲ ಗೊತ್ತಿದ್ದ ಸಂಗತಿ. ಚರ್ಮದ ತುರಿಕೆಗೆ ಅವರದೊಂದು ಮುಲಾಮು ಇತ್ತು. ಮಳೆಗಾಲದಲ್ಲಿ ಕೆಸರಿನಲ್ಲಿ ದುಡಿಯುವವರು ಹೆಸರು ಹಿಡಿದು ಕೇಳುತ್ತಿದ್ದರು. ಆದರೆ ಮಾಲು ಒಮ್ಮೆ ಬಂದರೆ ಇನ್ನೊಮ್ಮೆ ಇಲ್ಲ. ಅವಧಿ ಮುಗಿದ ಡಬ್ಬಿಗಳನ್ನು ವಾಪಸ್ ಒಯ್ಯುವವರಂತೂ ಇರಲೇ ಇಲ್ಲ. ಕೊನೆಯ ರೆಪ್ ಶಮೀರ್ ಕೂಡ ಬೇಸತ್ತು ಬೇರೆ ಕಂಪೆನಿ ಸೇರಿದ್ದ.

ಇದನ್ನೆಲ್ಲ ರಾಜಮತಿ ಬಿಡಿಸಿ ಹೇಳಿದಳು. ಬಸದಿಯ ಉಸ್ತುವಾರಿ ನೋಡಿಕೊಳ್ಳುವ ಗಂಡ ಸಂಪತ್‌ಕುಮಾರ, ಸ್ವಲ್ಪ ಕಾದರೆ ಇದಕ್ಕಿಂತ ಒಳ್ಳೆಯದು ಸಿಕ್ಕೀತು ಎಂದು ದನಿಗೂಡಿಸಿದ. ಗ್ರೀಷ್ಮಾ ಬಿ.ಫಾರ್ಮ್ ಮುಗಿಸಿ ಮಂಗಳೂರಿನ ಆಸ್ಪತ್ರೆಯೊಂದರ ಔಷಧ ಕಿಟಕಿಯಲ್ಲಿ ಕುಳಿತು ನೋಡಿದ್ದಳು. ಆ ಕಿಟಕಿಯೊಳಗೆ ಅವಳಿಗೆ ಉಸಿರು ಕಟ್ಟಿತ್ತು. ದೊಡ್ಡ ಕಂಪೆನಿಗಳವರು, ಘಟ್ಟದ ಬುಡದ ರಸ್ತೆಗಳಲ್ಲಿ ಸುತ್ತುವುದು ಹೆಣ್ಣುಮಗಳಿಗೆ ಆಗುವುದಿಲ್ಲ ಎಂದು ನಯವಾಗಿ ಹೇಳಿ ಕಳಿಸಿದ್ದರು. ಈ ಕಂಪೆನಿ ಮಾತ್ರ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರನ್ನೂ ಸುತ್ತಲಿನ ಪೇಟೆಗಳ ಸಮೇತ ಅವಳಿಗೇ ಕೊಡುತ್ತೇನೆ ಎಂದಿತ್ತು.

"ಅವರಿಗೆ ಬೇರೆ ಯಾರೂ ಸಿಗಲಿಲ್ಲ, ಅದಕ್ಕೆ," ಎಂದಳು ರಾಜಮತಿ. ಅಂದ ಮೇಲೆ ಮಾತು ಬಿರುಸಾಯಿತು ಅನ್ನಿಸಿತು.

ಗ್ರೀಷ್ಮಾ ಮುಖ ಸಣ್ಣದು ಮಾಡಲಿಲ್ಲ. ಇರಬಹುದು, ಎಂದಳು. ಸೇರುವ ಮೊದಲು ಒಂದು ದಿನ ಮ್ಯಾನೇಜರ್ ಜೊತೆ ಸುತ್ತುವುದುಂಟು, ಸುತ್ತಿದ ಮೇಲೆ ತೀರ್ಮಾನಿಸುತ್ತೇನೆ ಎಂದು ಎದ್ದು ಕೈ ತೊಳೆದಳು.

ಸುತ್ತಾಟದ ದಿನ ಬೆಳಿಗ್ಗೆ ಅವಳು ಸ್ಕೂಟರ್ ಹತ್ತಿ ಹೋದದ್ದು ಫರಂಗಿಪೇಟೆಗೆ. ಅಲ್ಲಿಂದ ಬಂಟ್ವಾಳ, ವಾಮದಪದವು, ಬೆಳ್ತಂಗಡಿ, ಲಾಯಿಲ. ಮ್ಯಾನೇಜರ್ ಶಿವಸುಬ್ರಹ್ಮಣ್ಯ ಕಾರಿನಲ್ಲಿ ಮುಂದೆ, ಇವಳು ಹಿಂದೆ. ಸಂಜೆಯ ಹೊತ್ತಿಗೆ ಇಬ್ಬರೂ ಮೂಡುಬಿದಿರೆಗೆ ಬಂದು ನಿಂತದ್ದು ರಾಜಮತಿಯ ಅಂಗಡಿಯ ಮುಂದೆಯೇ. ಅದು ತನ್ನ ತಾಯಿಯ ಅಂಗಡಿ ಎಂದು ಗ್ರೀಷ್ಮಾ ಅವನಿಗೆ ಹೇಳಿರಲಿಲ್ಲ.

ಮಗಳ ಮುಖದ ಮೇಲಿನ ಧೂಳು ಕಂಡು ರಾಜಮತಿಯ ಕೈ ನೀರಿನ ಬಾಟಲಿಯ ಕಡೆ ಹೋಯಿತು. ಆದರೆ ಗ್ರೀಷ್ಮಾ ಉಳಿದ ಅಂಗಡಿಯವರಿಗೆ ಹೇಗೋ ಹಾಗೆಯೇ ನಮಸ್ಕಾರ ಹೇಳಿದಳು. ರಾಜಮತಿಗೆ ಅರ್ಥವಾಯಿತು. ಅವಳೂ ಅಂಗಡಿಯವಳೇ ಆಗಿ ನಿಂತು, ಹಳೆಯ ಮಾಲು ಒಯ್ಯದೆ ಹೊಸ ಆರ್ಡರ್ ಕೊಡುವುದಿಲ್ಲ ಎಂದಳು.

ಶಿವಸುಬ್ರಹ್ಮಣ್ಯ ನಕ್ಕು, ಬರುವ ತಿಂಗಳು ಎಲ್ಲವನ್ನೂ ತೆಗೆಸುವ, ಈಗ ಸ್ವಲ್ಪ ಮುಲಾಮು ಬರೆದುಕೊಳ್ಳುವ ಎಂದ. ಆಮೇಲೆ ಗ್ರೀಷ್ಮಾಳ ಕಡೆ ತಿರುಗಿ, ನೀವೂ ಒಂದು ಮಾತು ಹೇಳಿ ಎಂಬಂತೆ ತಲೆಯಾಡಿಸಿದ.

"ಬರುವ ತಿಂಗಳು ಒಯ್ಯುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ ಮೇಡಂ," ಎಂದಳು ಗ್ರೀಷ್ಮಾ. "ಕೇಳಿ ಹೇಳ್ತೇನೆ. ಇಲ್ಲ ಅಂದರೆ ಇಲ್ಲ ಅಂತಲೇ ಬಂದು ಹೇಳ್ತೇನೆ. ಅಲ್ಲಿವರೆಗೆ ನೀವು ಆರ್ಡರ್ ಕೊಡುವುದು ಬೇಡ."

ಶಿವಸುಬ್ರಹ್ಮಣ್ಯನ ಮುಖ ಕೆಂಪಗಾಯಿತು. ರಾಜಮತಿ ಸರಕ್ಕನೆ ಕಪಾಟಿನ ಕಡೆ ತಿರುಗಿ, ನೇರವಾಗಿಯೇ ಇದ್ದ ಸಿರಪ್ ಬಾಟಲಿಗಳನ್ನು ಮತ್ತೆ ನೇರ ಮಾಡಿದಳು. ಇಷ್ಟು ವರ್ಷ ಆ ಕೌಂಟರಿನ ಆಚೆಯಿಂದ ಅಂಥ ಮಾತು ಬರಲೆಂದು ಅವಳು ಕಾದಿದ್ದಳು. ಬಂದದ್ದು ತನ್ನ ಹೊಟ್ಟೆಯಲ್ಲಿ ಹುಟ್ಟಿದವಳ ಬಾಯಿಂದ. ಎದೆ ತುಂಬಿ ಬಂದದ್ದನ್ನು ಹೊರಗಿನವನಿಗೆ ತೋರಿಸುವುದು ಅವಳಿಗೆ ಇಷ್ಟವಿರಲಿಲ್ಲ.

ಹೊರಗೆ ಕಾರಿನ ಹತ್ತಿರ ನಡೆದದ್ದನ್ನು ಗ್ರೀಷ್ಮಾ ಆಮೇಲೆ ಮನೆಯಲ್ಲಿ ಹೇಳಿದಳು. ಹೀಗೆ ಮಾತಾಡಿದರೆ ಕಂಪೆನಿ ನಡೆಯುವುದಿಲ್ಲ ಎಂದು ಮ್ಯಾನೇಜರ್ ರೇಗಿದ್ದ. ಹಾಗೆ ಮಾತಾಡದೆಯೂ ನಡೆಯುತ್ತಿಲ್ಲವಲ್ಲ ಸರ್, ಎಂದಿದ್ದಳು ಇವಳು. ತನ್ನ ಮೂರು ಊರುಗಳ ಅಂಗಡಿಗಳಿಂದ ಮೊದಲು ಹಳೆಯ ಮಾಲು ಒಯ್ಯುವುದಾದರೆ ಸೇರುತ್ತೇನೆ, ಇಲ್ಲವಾದರೆ ಇಲ್ಲ ಎಂದೂ ಹೇಳಿ ಬಂದಿದ್ದಳು.

"ಇಷ್ಟೆಲ್ಲ ಕಂಡ ಮೇಲೂ ನಿನಗೆ ಅದೇ ಕೆಲಸ ಬೇಕಾ?" ರಾಜಮತಿ ಕೇಳಿದಳು.

"ಮಾಲು ಒಳ್ಳೆಯದುಂಟು ಅಮ್ಮ. ಲಾಯಿಲದ ಡಾಕ್ಟರೂ ಅದನ್ನೇ ಹೇಳಿದರು. ಹಾಳಾಗಿರುವುದು ಮಾತು ಮಾತ್ರ. ಅದನ್ನು ಸರಿ ಮಾಡಲು ನನಗೆ ಆಗ್ತದೆ."

ರಾಜಮತಿ ಮಗಳ ತಟ್ಟೆಗೆ ಇನ್ನೊಂದು ದೋಸೆ ಹಾಕಿದಳು.

ಕೆಲವು ದಿನ ಕಂಪೆನಿಯಿಂದ ಸುದ್ದಿಯೇ ಇರಲಿಲ್ಲ. ಸಂಪತ್‌ಕುಮಾರ, ಹೋಗಲಿ ಬಿಡು, ಒಳ್ಳೆಯದೇ ಆಯಿತು ಎಂದ. ಗ್ರೀಷ್ಮಾ ಬೇರೆ ಕಡೆ ಅರ್ಜಿ ಹಾಕತೊಡಗಿದಳು. ಅಷ್ಟರಲ್ಲಿ ಶಿವಸುಬ್ರಹ್ಮಣ್ಯನ ಫೋನ್ ಬಂತು. ಆ ದಿನ ರೇಗಿದ್ದರೂ ಅವಳ ಮಾತು ಅವನ ತಲೆ ಹೊಕ್ಕಿತ್ತು. ಹೆಡ್ ಆಫೀಸಿನವರ ಹಿಂದೆ ಬಿದ್ದು ಹಳೆಯ ಮಾಲು ಒಯ್ಯಲು ಅವನೇ ಒಪ್ಪಿಸಿದ್ದ, ಅದೂ ಅವಳ ಮೂರು ಊರುಗಳಿಗೆ ಮಾತ್ರ. ಗ್ರೀಷ್ಮಾ ಕೆಲಸಕ್ಕೆ ಸೇರಿದಳು.

ಮೊದಲ ಸುದ್ದಿ ಬಂದದ್ದು ಫರಂಗಿಪೇಟೆಯಿಂದ. ಅಲ್ಲಿನ ಮೆಡಿಕಲ್ ಅಂಗಡಿಯ ಅಬ್ದುಲ್ ವಹಾಬ್ ರಾಜಮತಿಗೆ ಹಳೆಯ ಪರಿಚಯ. "ರಾಜಮತಿ ಅಕ್ಕ, ನಿಮ್ಮ ಮಗಳು ಬಂದಿದ್ದಳು ಮಾರಾಯ್ತಿ. ನಾನು ಕೇಳುವ ಮೊದಲೇ ಹಳೆಯದನ್ನೆಲ್ಲ ಕಟ್ಟಿಸಿಕೊಂಡು ಹೋದಳು," ಎಂದು ಫೋನಿನಲ್ಲಿ ಹೇಳಿದರು. ರಾಜಮತಿ, ಹೌದಾ, ಎಂದಷ್ಟೇ ಹೇಳಿ ಫೋನ್ ಇಟ್ಟಳು. ಎದುರಿಗೆ ನಿಂತಿದ್ದ ಗಿರಾಕಿಗೆ ಮಾತ್ರ, ಕೇಳದಿದ್ದರೂ, ಎಲ್ಲವನ್ನೂ ವಿವರವಾಗಿ ಹೇಳಿದಳು.

ಬಂಟ್ವಾಳದ ಅಂಗಡಿಗಳ ಮಾಲು ಹೋಯಿತು, ಬೆಳ್ತಂಗಡಿಯದು ಹೋಯಿತು, ಮೂಡುಬಿದಿರೆಯಲ್ಲೂ ಪಕ್ಕದ ಅಂಗಡಿಯದು ಹೋಯಿತು. ರಾಜಮತಿಯದು ಮಾತ್ರ ಹಾಗೆಯೇ ಉಳಿಯಿತು. ಕೇಳಿದರೆ ಗ್ರೀಷ್ಮಾ, ನಮ್ಮದು ಕೊನೆಗೆ ಎಂದಳು. ರಾಜಮತಿ ಗೊಣಗಿದಳು, ಆದರೆ ಆ ಗೊಣಗಾಟದಲ್ಲಿ ಸಿಟ್ಟು ಇರಲಿಲ್ಲ.

ಅವಳ ಸರದಿ ಬಂದ ದಿನ ಶಿವಸುಬ್ರಹ್ಮಣ್ಯನೂ ಜೊತೆಗೆ ಬಂದಿದ್ದ. ಗೋಡೆಯ ಮೇಲೆ ಹೊಸದಾಗಿ ತೂಗುಹಾಕಿದ್ದ ಗ್ರೀಷ್ಮಾಳ ಪದವಿ ಪ್ರದಾನದ ಫೋಟೋ ಕಂಡು ಅವನು ರಾಜಮತಿಯ ಕಡೆ ತಿರುಗಿದ.

"ನಿಮ್ಮ ಮಗಳಾ? ಆ ದಿನ ಹೇಳಲೇ ಇಲ್ಲವಲ್ಲ."

"ಆ ದಿನ ಅವಳು ನನ್ನ ಮಗಳಾಗಿ ಬಂದದ್ದಲ್ಲ," ಎಂದಳು ರಾಜಮತಿ.

ಕಂಪೆನಿ ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ. ಸಂಬಳ ಒಮ್ಮೊಮ್ಮೆ ತಡವಾಗುತ್ತದೆ. ನಾಳೆ ಯಾರಾದರೂ ಅದನ್ನು ಕೊಂಡುಕೊಂಡರೂ ಆಶ್ಚರ್ಯವಿಲ್ಲ, ಅದು ಗ್ರೀಷ್ಮಾಳಿಗೂ ಗೊತ್ತು. ಆದರೆ ಆ ಮೂರು ಊರುಗಳಲ್ಲಿ ಈಗ ಡಾಕ್ಟರುಗಳು ಮುಲಾಮು ಬರೆಯುವ ಮೊದಲು ಅಂಗಡಿಯಲ್ಲಿ ಸ್ಟಾಕ್ ಉಂಟಾ ಎಂದು ಅವಳನ್ನೇ ಕೇಳುತ್ತಾರೆ. ಇಲ್ಲ ಎಂದರೆ ನಂಬುತ್ತಾರೆ, ಉಂಟು ಎಂದರೂ ನಂಬುತ್ತಾರೆ.