ಹತ್ತೊಂಬತ್ತನೇ ಬೆಡ್ಡಿನವಳು

ವಿನೋದಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಂಡೆಯಿಂದ ಬಿಸಿನೀರು ಮೊಗೆದು ಕೊಡಪಾನಕ್ಕೆ ಹೊಯ್ದಳು. ಕಾಪುವಿನ ಆ ಮನೆಯ ಹಿಂದೆ ಹಳೆಯ ಸೀರೆಯೊಂದನ್ನು ಅಡ್ಡ ಕಟ್ಟಿ, ಹಲಗೆಯ ಮೇಲೆ ಸರಸಳನ್ನು ಮಲಗಿಸಿದ್ದರು. ಮಲಗಿಸಿ ಹೋದವರು ಗಂಡಸರು. ಮೀಯಿಸಬೇಕಾದ ಹೆಂಗಸರು ಸೀರೆಯ ಆಚೆಗೇ ನಿಂತಿದ್ದರು. ಕೇರಿಯಲ್ಲಿ ಯಾರು ತೀರಿಹೋದರೂ ಕರೆಯದೆ ಬಂದು ಮೀಯಿಸುವ ಕೈಗಳು ಇವತ್ತು ಸೆರಗಿನೊಳಗೆ ಅಡಗಿದ್ದವು.

"ಕಾಮಾಲೆ ಅಂಟುತ್ತದೆ ಮಾರಾಯ್ತಿ. ನಮ್ಮ ಮನೆಯಲ್ಲಿ ಬಸುರಿ ಸೊಸೆ ಉಂಟು."

"ಅರಶಿನ ಹಚ್ಚುವುದಾದರೂ ಎಲ್ಲಿಗೆ? ಹಚ್ಚಿಕೊಂಡೇ ಬಂದಿದ್ದಾಳಲ್ವಾ!"

ಮೂರನೆಯವಳು ದನಿ ತಗ್ಗಿಸಿದಳು. ತಗ್ಗಿಸಿದ ದನಿಯೇ ಹೆಚ್ಚು ದೂರ ಹೋಗುತ್ತದೆ. "ಡ್ಯೂಟಿ ಡ್ಯೂಟಿ ಎಂದು ಮನೆಗೇ ಬರುತ್ತಿರಲಿಲ್ಲ. ಮದುವೆಯಾಗದ ಹುಡುಗಿ. ಎಲ್ಲಿಂದ ತಂದುಕೊಂಡಳೋ, ಯಾರಿಗೆ ಗೊತ್ತುಂಟು?"

ಮಗಳ ಕಾಲ ಬಳಿ ಕುಕ್ಕುರುಗಾಲಲ್ಲಿ ಕೂತಿದ್ದ ಅಪ್ಪಿ ತಲೆಯೆತ್ತಿದಳು.

"ಕೇಳಿತಾ ಮಗಾ? ಇವಳು ಹಾಸಿಗೆ ಹಿಡಿದ ದಿನದಿಂದ ಇದೇ ಮಾತು. ನೀನು ಅವಳ ಒಟ್ಟಿಗೇ ಕೆಲಸ ಮಾಡಿದವಳು. ಎಲ್ಲಿಂದ ಬಂತು ಈ ರೋಗ? ಎಂತ ಇದ್ದರೂ ಹೇಳು. ಇನ್ನು ನನಗೆ ಹೆದರಲಿಕ್ಕೆ ಎಂತ ಉಳಿದಿದೆ?"

ವಿನೋದಾ ಸರಸಳ ಬಲಗೈ ಎತ್ತಿ ನೀರು ಹೊಯ್ದಳು. ಹೆಬ್ಬೆರಳಿನ ಬುಡದಲ್ಲಿ ಒಂದು ಕಲೆಯೂ ಉಳಿದಿರಲಿಲ್ಲ.

ಅಂಗಳದಿಂದ ಸರಸಳ ಅಣ್ಣ ಕೂಸಪ್ಪ ಕೂಗಿದ. "ಸಿಸ್ಟ್ರೇ, ಉಡುಪಿ ಬಸ್ಸಿಗೆ ಹೊತ್ತಾಯಿತು. ಎರಡು ಗಂಟೆಗೆ ಡ್ಯೂಟಿ ಉಂಟು ಅಂದಿದ್ದಿರಿ."

ಆಸ್ಪತ್ರೆಯ ವಾರ್ಡಿನಲ್ಲಿ ಈಗ ನರ್ಸಿಂಗ್ ಕಲಿಯುವ ಹುಡುಗಿಯೊಬ್ಬಳೇ ಇದ್ದಳು. ವಿನೋದಾ ಸರಸಳ ಇನ್ನೊಂದು ಕೈ ಎತ್ತಿ ನೀರು ಹೊಯ್ದಳು.

*

ಮೂರು ತಿಂಗಳ ಹಿಂದೆ, ಎಪ್ಪತ್ತೊಂಬತ್ತರ ದೀಪಾವಳಿಯ ಮರುದಿನ. ಹೆಂಗಸರ ವಾರ್ಡಿನಲ್ಲಿ ನಲವತ್ತೆರಡು ಬೆಡ್ಡು. ನಡುವೆ ಚಾಪೆಯಲ್ಲಿ ಹದಿನಾಲ್ಕು ಜನ. ನೋಡಿಕೊಳ್ಳಲು ಸರಸ, ವಿನೋದಾ ಇಬ್ಬರೇ. ಕುದಿಸಿ ಕುದಿಸಿ ಮೊಂಡಾದ ಸೂಜಿಗಳನ್ನು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಇವರೇ ಕಲ್ಲಿಗೆ ಉಜ್ಜಿ ಹರಿತ ಮಾಡಿದ್ದರು.

ಸಂಜೆ, ಕಾಮಾಲೆ ನೆತ್ತಿಗೇರಿ ಬಡಬಡಿಸುತ್ತಿದ್ದ ಮುದುಕಿಯ ರಕ್ತ ತೆಗೆಯಬೇಕಿತ್ತು. ತೋಳನ್ನು ಒತ್ತಿ ಹಿಡಿದವಳು ವಿನೋದಾ, ಸೂಜಿ ಹಾಕಿದವಳು ಸರಸ. ಸಿರಿಂಜಿಗೆ ರಕ್ತ ಏರತೊಡಗಿತ್ತಷ್ಟೆ. ಹತ್ತೊಂಬತ್ತನೇ ಬೆಡ್ಡಿನಿಂದ ಯಾರೋ ಚೀರಿದರು. "ಸಿಸ್ಟ್ರೇ! ನನ್ನ ಮಗಳಿಗೆ ಉಸಿರು ಬರುವುದಿಲ್ಲ!"

ವಿನೋದಾ ಕೈ ಬಿಟ್ಟು ಓಡಿದಳು. ಬೆನ್ನ ಹಿಂದೆ ಮುದುಕಿ ಕೊಸರಾಡಿದ್ದೂ, ಸರಸ "ಸ್ಸ್" ಎಂದದ್ದೂ ಕೇಳಿಸಿತು. ಹತ್ತೊಂಬತ್ತನೇ ಬೆಡ್ಡಿನ ಆಮ್ಲಜನಕದ ಸಿಲಿಂಡರ್ ಯಾವಾಗಲೋ ಖಾಲಿಯಾಗಿತ್ತು. ನೋಡಿಕೊಳ್ಳುವವರಿರಲಿಲ್ಲ. ಇವಳು ಮುಟ್ಟುವಾಗ ಹುಡುಗಿಯ ಕಣ್ಣು ನಿಂತುಹೋಗಿತ್ತು.

ನಳ್ಳಿಯ ಕೆಳಗೆ ಕೈ ಹಿಂಡುತ್ತ ಸರಸ ನಕ್ಕಿದ್ದಳು. "ನನಗೂ ಒಂದು ಇಂಜೆಕ್ಷನ್ ಆಯಿತು, ಚೀಟಿಯಿಲ್ಲದೆ."

"ರಿಪೋರ್ಟು ಬರೆಯುವಾ ಸರಸ."

"ಬರೆದರೆ ಮೇಟ್ರನ್ ಮೊದಲು ಕೇಳುವುದೇ ಕೈ ಬಿಟ್ಟದ್ದು ಯಾರು ಎಂದು. ನಿನ್ನನ್ನು ಮನೆಗೆ ಕಳುಹಿಸಿದರೆ ನಾಳೆ ನಾನೊಬ್ಬಳೇ ಎಂತ ಮಾಡಲಿ? ಸುಮ್ಮನಿರು."

ಪುಸ್ತಕದಲ್ಲಿ ಅವಳೇ ಬರೆದಳು: ಬೆಡ್ ಹತ್ತೊಂಬತ್ತು, ಮರಣ. ಬೇರೆ ವಿಶೇಷವಿಲ್ಲ. ಆಮೇಲೆ ಇಂಜೆಕ್ಷನ್ನಿನ ಟ್ರೇ ಎತ್ತಿಕೊಂಡು ಮುಂದಿನ ಬೆಡ್ಡಿಗೆ ಹೋದಳು.

*

"ಸೂಜಿಯಿಂದ ಬಂತು ಅಮ್ಮ," ಎಂದಳು ವಿನೋದಾ. "ರೋಗಿಗೆ ಹಾಕಿದ ಸೂಜಿ ಇವಳ ಕೈಗೆ ಚುಚ್ಚಿತು. ರೋಗಿಯನ್ನು ಹಿಡಿದುಕೊಂಡಿದ್ದವಳು ನಾನು. ಬಿಟ್ಟು ಓಡಿದೆ."

ಮಗಳ ಪಾದ ತಿಕ್ಕುತ್ತಿದ್ದ ಅಪ್ಪಿಯ ಕೈ ನಿಂತಿತು. ಒಂದು ಪೆಟ್ಟು ಬಿದ್ದರೆ ಬೀಳಲಿ ಎಂದು ವಿನೋದಾ ಮುಖ ತಗ್ಗಿಸಿ ಕಾದಳು.

"ಯಾಕೆ ಬಿಟ್ಟೆ?"

"ಇನ್ನೊಬ್ಬಳಿಗೆ ಉಸಿರು ಕಟ್ಟಿತ್ತು. ಸಣ್ಣ ಹುಡುಗಿ. ಬಜಗೋಳಿ ಕಡೆಯವಳು."

"ಅವಳು ಉಳಿದಳಾ?"

ಇಲ್ಲ ಎನ್ನಲು ವಿನೋದಾ ಬಾಯಿ ತೆರೆದಳು. ಅಪ್ಪಿಯ ಮುಖ ಅವಳ ಮುಖಕ್ಕೆ ಗೇಣು ದೂರದಲ್ಲಿತ್ತು.

"ಉಳಿದಳು."

ಅಪ್ಪಿ ಮೊಣಕಾಲು ಊರಿ ಎದ್ದು, ಅಡ್ಡ ಕಟ್ಟಿದ್ದ ಸೀರೆಯನ್ನು ಸರಿಸಿದಳು. "ಕೇಳಿದಿರಾ? ಕೆಲಸದಲ್ಲಿ ಸೂಜಿ ಚುಚ್ಚಿ ಬಂದದ್ದು ಇದು. ಒಂದು ಜೀವ ಉಳಿಸುವಾಗ ಬಂದದ್ದು. ಇನ್ನು ಬರುವವರು ಬನ್ನಿ, ಹೋಗುವವರು ಹೋಗಿ!"

ಸೊಸೆಯ ಮಾತೆತ್ತಿದ್ದವಳೇ ಮೊದಲು ಒಳಗೆ ಬಂದು ವಿನೋದಾಳ ಕೈಯಿಂದ ಕೊಡಪಾನ ತೆಗೆದುಕೊಂಡಳು. ಅವಳ ಹಿಂದೆ ಇನ್ನಿಬ್ಬರು ಬಂದರು. ಒಬ್ಬಳು ಸರಸಳ ತಲೆಯನ್ನು ಮೆಲ್ಲಗೆ ಎತ್ತಿ ಹಿಡಿದಳು.

"ಹೆಸರು ಎಂತ ಆ ಹುಡುಗಿಯದು?" ಎಂದು ಅಪ್ಪಿ ಕೇಳಿದಳು.

ಅಂದು ಆ ಹುಡುಗಿಯ ಹೆಣದ ಕಾಲಿನ ಹೆಬ್ಬೆರಳಿಗೆ ಹೆಸರಿನ ಚೀಟಿ ಕಟ್ಟಿದವಳು ವಿನೋದಾಳೇ. "ಶರೀಫಾ."

"ಒಂದು ದಿನ ಕರೆದುಕೊಂಡು ಬಾ ಮಗಾ. ನಾನು ಏನೂ ಹೇಳುವುದಿಲ್ಲ. ಒಮ್ಮೆ ಎದುರು ಕೂರಿಸಿ ನೋಡಬೇಕು, ಅಷ್ಟೆ."

"ಆಗಲಿ ಅಮ್ಮ."

ಅಪ್ಪಿ ಹಲಗೆಯ ಪಕ್ಕ ಕೂತಳು. ಮಗಳ ಒದ್ದೆ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿ, ಆ ಹಳದಿ ಕಿವಿಗೆ ಬಾಯಿಟ್ಟಳು. ಹೆಂಗಸರು ಕೊಡಪಾನಗಳನ್ನು ಎತ್ತಿದಲ್ಲೇ ಹಿಡಿದು ನಿಂತರು.

"ಶರೀಫಾ ಉಳಿದಿದ್ದಾಳಂತೆ, ಮಗಾ," ಎಂದಳು. ಕೇಳಿಸಿತೋ ಇಲ್ಲವೋ ಎಂಬಂತೆ ಇನ್ನೂ ಹತ್ತಿರ ಬಾಗಿ, ಮತ್ತೊಮ್ಮೆ ಹೇಳಿದಳು. "ಶರೀಫಾ."