ಶಿವಪ್ಪ ಸರ್ ಟೈಪ್ ಮಾಡ್ತಿದ್ದಾರೆ

ಆಪರೇಷನ್ ಆಗಿ ಎರಡು ತಿಂಗಳಿಗೆ ಶಿವಪ್ಪ ಸರ್ ಆಫೀಸಿಗೆ ವಾಪಸ್ ಬಂದಾಗ ಕತ್ತಿಗೆ ಮಫ್ಲರ್ ಇತ್ತು, ಗಂಟಲಲ್ಲಿ ದನಿ ಇರಲಿಲ್ಲ. ಕ್ಯಾನ್ಸರ್ ಗಡ್ಡೆಯ ಜೊತೆ ಡಾಕ್ಟರು ಧ್ವನಿಪೆಟ್ಟಿಗೆಯನ್ನೂ ತೆಗೆದಿದ್ದರು. ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ಮಾನಿಟರ್ ನನ್ನ ಕಡೆ ತಿರುಗಿಸಿ ಟೈಪ್ ಮಾಡಿದರು:

"ಲೇ ಮಿಥುನ, ಬೆನ್ನ ಹಿಂದ ನನ್ನ ದನಿ ತಗೀತಿದ್ದಿಯಲ್ಲ, ಇನ್ನ ಮ್ಯಾಲೆ ಮುಖದ ಮುಂದನ ತಗಿ."

ನಾನು ಇಂಗು ತಿಂದ ಮಂಗನಾದೆ. ಚಹಾದ ಹೊತ್ತಿನಲ್ಲಿ ಆಫೀಸನ್ನು ನಗಿಸಲು ನಾನು ಮಾಡುತ್ತಿದ್ದ ಮಿಮಿಕ್ರಿ ಅವರಿಗೆ ಗೊತ್ತಿತ್ತು! ಬಾಗಲಕೋಟೆಯ ಆ ದಪ್ಪ ದನಿ, ಮಾತಿಗೆ ಮೊದಲು ಒಂದು ಕೆಮ್ಮು, ಆಮೇಲೆ "ನೋಡ್ರಿ, ಹಿಂಗ ಅದ" ಅನ್ನುವ ಪೀಠಿಕೆ. ಮಂಡ್ಯದವನಾದ ನನ್ನ ಬಾಯಲ್ಲಿ ಅದು ಹೇಗೆ ಕೂತಿತೋ, ಕೂತಿತ್ತು.

ನಮ್ಮ ಆಫೀಸು ಈ ಮರಾಠಿ ಊರಿನ ಸದಾಶಿವ ಪೇಠದಲ್ಲಿ, ವಾಡೆ ಅನ್ನುವ ಹಳೇ ದೊಡ್ಡ ಮನೆಯೊಂದರ ಮಾಳಿಗೆಯಲ್ಲಿದೆ. ವಿಂಡೋಸ್‌ಗೆ ಸಾಫ್ಟ್‌ವೇರ್ ಬರೆಯುವವರಿಗೆ ನಾವು ನೆಟ್‌ವರ್ಕ್ ಕಾಂಪೊನೆಂಟ್ ಮಾರುತ್ತೇವೆ. ಮನೆ ಕಟ್ಟೋರು ಅವರು, ನಲ್ಲಿ-ಪೈಪು ನಮ್ಮದು. ಒಂದು ಯಂತ್ರದಿಂದ ಇನ್ನೊಂದಕ್ಕೆ ಮಾಹಿತಿ ಹರಿಯುವುದು ನಮ್ಮ ಪೈಪಿನಲ್ಲಿ. ಸೋರಿದರೆ ಫೋನ್ ಬರುವುದೂ ನಮಗೇ. ಆ ಪೈಪುಗಳನ್ನೆಲ್ಲ ಹತ್ತೊಂಬತ್ತು ವರ್ಷ ಕೂತು ಬರೆದವರು ಶಿವಪ್ಪ ಸರ್.

ಉಳಿದ ಗಿರಾಕಿಗಳಿಗೆಲ್ಲ ಮೇಲ್‌ನಲ್ಲಿ ಉತ್ತರ ಕೊಟ್ಟರೆ ನಡೆಯುತ್ತಿತ್ತು. ತಳೇಗಾಂವದ ಕಾರ್ಖಾನೆಯೊಂದರ ಬಸವಪ್ರಭುಗೆ ಮಾತ್ರ ನಡೆಯುತ್ತಿರಲಿಲ್ಲ. ಗೇಟಿನಲ್ಲಿ ಲಾರಿ ತೂಗಿದ ಅಂಕಿಯನ್ನು ಒಳಗಿನ ಆಫೀಸಿಗೆ ಕಳಿಸುವ ಪ್ರೋಗ್ರಾಮ್ ಅವರದು. "ಮೇಲ್ ಓದ್ಕೋತ ಕೂಡೂ ಹೊತ್ತಿಗೆ ಲಾರಿ ಸಾಲು ಹೈವೇ ಮುಟ್ಟತದರೀ. ಶಿವಪ್ಪ ಸರಗ ಕೊಡ್ರಿ" ಅನ್ನೋರು.

"ಗಂಟಲ ವಿಷಯ ಅವರಿಗೆ ಹೇಳಿಬಿಡೋಣ ಸರ್" ಅಂದೆ.

"ಹೇಳಬ್ಯಾಡ. ಹೇಳಿದ್ರ ಕಾಳಜಿ ಮಾಡ್ತಾರ, ಕೆಲಸ ಕೇಳೂದಿಲ್ಲ" ಎಂದು ಟೈಪ್ ಮಾಡಿದರು.

ಹೀಗೆ ನಮ್ಮ ಜುಗಲ್‌ಬಂದಿ ಶುರುವಾಯಿತು. ಫೋನ್ ಸ್ಪೀಕರ್‌ನಲ್ಲಿ. ಬಸವಪ್ರಭು ಗೋಳು ಹೇಳೋರು, ಸರ್ ಬೆರಳು ಓಡಿಸೋರು, ನಾನು ಕೆಮ್ಮಿ, ಅವರ ದನಿಯಲ್ಲಿ ಓದುತ್ತಿದ್ದೆ. ಮೊದಮೊದಲು ಅಕ್ಷರ ಬಿಡದೆ. ಆಮೇಲೆ ನನ್ನ ಚಾಳಿ ಬಿಡಬೇಕಲ್ಲ! "ಡಿಎಲ್‌ಎಲ್ ಎಲ್ಲಿ ಅಂತ ಎಲ್ಲೆಲ್ಲೂ ಹುಡುಕಿದ್ರಿ, ಇಲ್ಲೇ ಅದಲ್ರಿ" ಅಂತ ಕಾಂಪೊನೆಂಟಿನ ಫೈಲಿನ ಹೆಸರಿಗೂ ಉಪ್ಪು-ಖಾರ ಸೇರಿಸತೊಡಗಿದೆ. ಬಸವಪ್ರಭು ಬಿದ್ದು ಬಿದ್ದು ನಕ್ಕರು. ಸರ್ ನನ್ನ ತಲೆಗೊಂದು ಮೊಟಕಿ ಮುಂದಿನ ಸಾಲು ಟೈಪ್ ಮಾಡಿದರು. ಎಂಟು ತಿಂಗಳು ಹೀಗೇ ನಡೆಯಿತು. ಅಷ್ಟರಲ್ಲಿ ಅವರು ಸಾಲು ಮುಗಿಸುವ ಮೊದಲೇ ಅದು ಎಲ್ಲಿಗೆ ಹೋಗುತ್ತದೆ ಅಂತ ನನಗೆ ಗೊತ್ತಾಗುತ್ತಿತ್ತು.

ಆ ಗುರುವಾರ ಬೆಳಿಗ್ಗೆ ಬಸವಪ್ರಭು ಉಸಿರು ಬಿಡದೆ ಒದರಿದರು. "ಸರ, ಗೇಟಿಗೆ ಹೊಸ ಕಂಪ್ಯೂಟರ್ ಹಾಕೇವ್ರಿ. ನಿಮ್ಮ ಕಾಂಪೊನೆಂಟ್ ಇನ್‌ಸ್ಟಾಲ್ ಆತು, ಪ್ರೋಗ್ರಾಮ್ ಮಾತ್ರ ಅದು ಇಲ್ಲಂತ ಬೊಬ್ಬೆ ಹೊಡೀತದ. ನನ್ನ ಯಂತ್ರದಾಗ ಚಂದ ನಡೀತದರೀ! ಇಲ್ಲಿ ಹದಿನಾಲ್ಕು ಲಾರಿ ನಿಂತಾವ."

ಶಿವಪ್ಪ ಸರ್ ಟೈಪ್ ಮಾಡಲು ಶುರುಮಾಡಿದರು: "ಬಸವಪ್ರಭು, ಮೊದಲ ಒಂದ"

ಆಚೆ ಲಾರಿಗಳ ಹಾರ್ನು ಕೇಳಿಸುತ್ತಿತ್ತು. ನನಗೆ ಉತ್ತರ ಗೊತ್ತಿತ್ತು. ಕೆಮ್ಮಿದೆ.

"ನೋಡ್ರಿ, ಹಿಂಗ ಅದ. ನಿಮ್ಮ ಯಂತ್ರದಾಗ ಮೂವತ್ತೆರಡು ಬಿಟ್‌ದು, ಅರವತ್ನಾಲ್ಕು ಬಿಟ್‌ದು, ಎರಡೂ ಅಳತಿ ಕಾಂಪೊನೆಂಟ್ ಅದಾವ. ಗೇಟಿಗೆ ಬರೇ ಮೂವತ್ತೆರಡರದು ಒಯ್ದೀರಿ. ಪ್ರೋಗ್ರಾಮ್ ಅಲ್ಲಿ ಅರವತ್ನಾಲ್ಕರಾಗ ಓಡಲಿಕತ್ತದ, ಅದಕ್ಕ ಇದು ಕಾಣವಲ್ದು. ಅರವತ್ನಾಲ್ಕರದೂ ಹಾಕ್ರಿ."

ಆ ಕಡೆ ಎರಡು ನಿಮಿಷ ಕೀಲಿಮಣೆ ಕುಟ್ಟಿದ ಸದ್ದು. ಆಮೇಲೆ ಒಂದು ಕೇಕೆ. "ಬಂತ್ರಿ, ತೂಕ ಬಂತ್ರಿ! ಏನ್ ಸರ, ಮೊದಲಿನಕಿಂತ ಚುರುಕ ಆಗೀರಿ! ಮೊದಲ ಹತ್ತು ಪ್ರಶ್ನಿ ಕೇಳಿ ಜೀವಾ ತಿಂತಿದ್ರಿ!"

ನಾನು ಗೆದ್ದ ಮುಖ ಮಾಡಿಕೊಂಡು ಸರ್ ಕಡೆ ತಿರುಗಿದೆ. ಅವರ ಕೈ ಕೀಬೋರ್ಡ್ ಮೇಲಿರಲಿಲ್ಲ, ತೊಡೆಯ ಮೇಲಿತ್ತು. ಸ್ಕ್ರೀನಿನಲ್ಲಿ ಅರ್ಧ ಸಾಲು ಹಾಗೇ ಇತ್ತು. ಅದರ ಒಂದೊಂದೇ ಅಕ್ಷರ ಅಳಿಸಿ, ಯಂತ್ರ ಆಫ್ ಮಾಡಿ, ಊಟದ ಡಬ್ಬಿ ತೆಗೆದುಕೊಂಡು ಹೋದರು.

ಶುಕ್ರವಾರ ಬರಲಿಲ್ಲ. ಶನಿವಾರ ರಾಜೀನಾಮೆಯ ಮೇಲ್ ಬಂತು. ಭಾನುವಾರ ನಾನು ಲೋಕಲ್ ಟ್ರೇನ್ ಹಿಡಿದು ಅವರ ಮನೆಗೆ ಹೋದೆ.

ಬಾಗಿಲು ತೆಗೆದವರು ಅವರ ಹೆಂಡತಿ ಕಾಶವ್ವ. ಹೆಸರು ಹೇಳಿದ ಕೂಡಲೇ ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದರು. "ಹಂಗಾರ ನೀವ ಏನ್ರಿ ಅವರ ದನಿ? ಬರ್ರಿ ಒಳಗ. ಒಂದ ಮಾತು, ನನ್ನ ಮುಂದ ಅದನ್ನ ತಗೀಬ್ಯಾಡ್ರಿ. ಅದಿಲ್ಲದ ಇರೂದು ಹೆಂಗೋ ರೂಢಿ ಮಾಡ್ಕೊಂಡೀನಿ."

ತಲೆಯಾಡಿಸಿದೆ. ಯಾರಾದರೂ ಮಿಮಿಕ್ರಿ ಬೇಡ ಅಂದದ್ದಕ್ಕೆ ನನ್ನ ಕಣ್ಣು ತುಂಬಿದ್ದು ಅದೇ ಮೊದಲು.

ಸರ್ ಬಾಲ್ಕನಿಯಲ್ಲಿ ಕೂತಿದ್ದರು. "ತಪ್ಪಾಯ್ತು ಸರ್. ಲಾರಿ ನಿಂತಿತ್ತು ಅಂತ ಅವಸರ ಮಾಡ್ಬಿಟ್ಟೆ. ವಾಪಸ್ ಬನ್ನಿ, ಇನ್ಮೇಲೆ ನೀವು ಟೈಪ್ ಮಾಡದೆ ನಾನು ಉಸಿರೂ ಬಿಡಲ್ಲ."

ಮೊಬೈಲ್‌ನಲ್ಲಿ ಟೈಪ್ ಮಾಡಿ ನನ್ನ ಕಡೆ ಹಿಡಿದರು. "ಉತ್ತರ ಸರಿ ಇತ್ತು."

ಮತ್ತೆ ಟೈಪ್ ಮಾಡಿದರು. ಈ ಸಲ ಬಹಳ ಹೊತ್ತು. "ದನಿ ನಾನ ಕೊಟ್ಟಿದ್ದೆ. ವಿಚಾರ ಮಾಡೂದು ಕೊಟ್ಟಿರಲಿಲ್ಲ. ಅದನ್ನೂ ಕಲ್ತಿ, ಛಲೋ ಆತು. ಆದ್ರ ಅಲ್ಲಿ ಕೂತು ಮತ್ತ ನಾ ಏನ್ ಮಾಡ್ಲಿ?"

ಅದನ್ನು ಅಳಿಸಿ ಮತ್ತೆ ಟೈಪ್ ಮಾಡಿದರು.

"ಬಸವಪ್ರಭುಗ ಫೋನ್ ಹಚ್ಚು. ನಿನ್ನ ದನಿಯಾಗ ಮಾತಾಡು. ಇನ್ನ ನೀನ ನೋಡ್ಕೋತಿ ಅಂತ ಹೇಳು. ಈಗ."

ಹಚ್ಚಿದೆ. ಸ್ಪೀಕರ್ ಅವರೇ ಒತ್ತಿದರು.

"ನಮಸ್ಕಾರ ಸರ್, ನಾನು ಮಿಥುನ, ಶಿವಪ್ಪ ಸರ್ ಆಫೀಸಿಂದ."

"ಯಾವ ಮಿಥುನ್ರಿ?"

ಎಂಟು ತಿಂಗಳು ವಾರಕ್ಕೆರಡು ಸಲ ಈ ಮನುಷ್ಯನನ್ನು ನಗಿಸಿದ್ದೆ. "ಅವರ ಜೊತೆ ಕೆಲಸ ಮಾಡೋನು ಸರ್. ಇನ್ಮೇಲೆ ನಿಮ್ಮ ಸಪೋರ್ಟ್ ನಾನು ನೋಡ್ಕೋತೀನಿ."

"ಹೌದ್ರಿ? ನಾಳೆ ಎರಡನೇ ಗೇಟಿಗೂ ಹಾಕೂದದ. ಆದ್ರ ತಪ್ಪ ತಿಳೀಬ್ಯಾಡ್ರಿ. ಶಿವಪ್ಪ ಸರ ರಜಾ ಹಾಕಿರಬೇಕು, ಬರಲಿ, ಅವರನ್ನ ಕೇಳಿ ಹಾಕ್ತೇನಿ. ಅಲ್ಲೀತನಾ ಗೇಟು ನಿಲ್ಲಲಿ ಬಿಡ್ರಿ. ಅವರ ಮಾತು ಕೇಳಿದ್ರನ ನನಗ ಧೈರ್ಯ."

ಫೋನ್ ಕಟ್ಟಾಯಿತು. ಸರ್ ನನಗೆ ಬೆನ್ನು ಮಾಡಿ ಕಂಬಿ ಹಿಡಿದು ನಿಂತಿದ್ದರು. ಭುಜ ಅಲುಗಾಡುತ್ತಿತ್ತು. ದನಿ ಇಲ್ಲದವರ ಬೆನ್ನು ನೋಡಿ ಅದು ನಗುವೋ ಅಳುವೋ ಹೇಳಲಾಗುವುದಿಲ್ಲ. ಎದುರಿಗೆ ಹೋಗಿ ನೋಡಲು ನನಗೆ ಕಾಲು ಬರಲಿಲ್ಲ.